ತಟ್ಟಿಯ ಪಕ್ಕದ ಜಾಗ

ಕೊಡಿಗೇಹಳ್ಳಿ
19-10-1958

ಲಕ್ಕಣ್ಣ ಮಾವನವರಿಗೆ,

ಮೊದಲು ಅಮ್ಮ ಹೇಳಿದ್ದನ್ನು ಬರೆಯುತ್ತೇನೆ. ಅವಳು ಎದುರಿಗೇ ಕೂತು ಅಲಸಂದೆ ಬಿಡಿಸುತ್ತಿದ್ದಾಳೆ. ರಾಗಿ ಕೊಯ್ಲು, ಒಕ್ಕಣೆ ಮುಗಿದ ಮೇಲೆ ಮಾಘದಲ್ಲಿ ಮದುವೆಯಂತೆ. ದೀಪಾವಳಿಗೆ ನೀವು ಬಂದು ವೀಳ್ಯ ತೆಗೆದುಕೊಂಡು ಹೋಗಬೇಕಂತೆ. ಈ ಸಲವೂ ರಜೆ ಇಲ್ಲ ಎಂದರೆ ಅರಸೀಕೆರೆಗೆ ತಾನೇ ಬಂದು ಸ್ಟೇಷನ್ ಮಾಸ್ತರರನ್ನು ಕೇಳುತ್ತಾಳಂತೆ. ನನ್ನ ತಮ್ಮನನ್ನು ನಾನೇ ಸಾಕಿದ್ದು, ನನ್ನ ಮಗಳನ್ನು ಅವನಿಗಲ್ಲದೆ ಯಾರಿಗೆ ಕೊಡಲಿ ಎಂದೂ ಬರೆ ಎಂದಳು.

ನಮ್ಮ ಮನೆಯಲ್ಲಿ ನಾಲ್ಕನೇ ಕ್ಲಾಸು ಮುಟ್ಟಿದವಳು ನಾನೊಬ್ಬಳೇ ಆದದ್ದರಿಂದ ಕಾಗದ ಬರೆಯುವುದೂ ನಾನೇ, ನಿಮ್ಮದು ಬಂದರೆ ಓದಿ ಹೇಳುವುದೂ ನಾನೇ. ನನ್ನ ಮದುವೆಯ ಮಾತನ್ನು ನನ್ನ ಕೈಯಿಂದಲೇ ಬರೆಸುತ್ತಾರೆ. ನಾಚಿಕೆಯಾಗುತ್ತದೆ ಎಂದರೆ ಅಮ್ಮ, "ಬರಿಯಾಕೇನ್ ನಾಚ್ಕೆ, ಬಾಯಲ್ಲಿ ಏಳು ಅಂದ್ನಾ?" ಎನ್ನುತ್ತಾಳೆ.

ಇನ್ನು ಮುಂದಿನದು ನನ್ನದು. ಯುಗಾದಿಗೆ ಬಂದಾಗ ನೀವು, ಮಾತಾಡಿಸಿದರೆ ಕಂಬದ ಹಿಂದೆ ಹೋಗುತ್ತೀಯ, ನೋಡಿದ ಸಿನಿಮಾದ ವಿಷಯವನ್ನಾದರೂ ಬರೆ, ನಾನೂ ಬರೆಯುತ್ತೇನೆ ಎಂದಿರಿ. ಹೆಬ್ಬಾಳದ ಟೆಂಟಿಗೆ ಪಕ್ಕದ ಮನೆಯ ಶಹರ್ಬಾನು ಜೊತೆ ಅವಳ ಗಂಡನ ಜಟಕಾದಲ್ಲಿ ಹೋಗಿದ್ದೆ. ಸಂಸಾರದ ಚಿತ್ರ. ಅತ್ತೆ ಸೊಸೆಯನ್ನು ಹನ್ನೆರಡು ರೀಲು ಗೋಳಾಡಿಸುತ್ತಾಳೆ. ಹದಿಮೂರನೆಯದರಲ್ಲಿ ಅತ್ತೆಗೆ ಕಾಯಿಲೆಯಾಗಿ ಒಳ್ಳೆಯ ಬುದ್ಧಿ ಬರುತ್ತದೆ. ಹೆಂಗಸರ ಕಡೆ ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ನಮ್ಮೂರಿನಲ್ಲಿ ಕಾಯಿಲೆ ಬಿದ್ದ ಅತ್ತೆಯರು ಇನ್ನೂ ಹೆಚ್ಚಾಗಿ ಬೈಯುತ್ತಾರೆ. ಆ ಸೊಸೆಯನ್ನು ನಿನಗೇನು ಬೇಕು ಎಂದು ಒಬ್ಬರೂ ಒಂದು ಸಲವೂ ಕೇಳಲಿಲ್ಲ. ಮನೆಗೆ ಬಂದ ಮೇಲೂ ನನಗೆ ಅದೇ ಯೋಚನೆ.

ಅಲಸಂದೆ ಮುಗಿಯಿತು, ಅಮ್ಮ ಏಳುತ್ತಿದ್ದಾಳೆ. ಇಲ್ಲಿಗೆ ಸಾಕು.
ಕೃಷ್ಣಮ್ಮ


ಅರಸೀಕೆರೆ
2-11-1958

ಕೃಷ್ಣಮ್ಮನಿಗೆ,

ಅಕ್ಕ ಮುನಿಸಿಕೊಳ್ಳದಂತೆ ಓದಿ ಹೇಳು. ದೀಪಾವಳಿಗೆ ರಜೆ ಇಲ್ಲ. ಪಾಯಿಂಟ್ಸ್‌ಮನ್ ಕೆಲಸ ಹಬ್ಬ ಹುಣ್ಣಿಮೆ ನೋಡುವುದಿಲ್ಲ, ಹಳಿ ಬದಲಿಸುವವನು ಮನೆಗೆ ಹೋದರೆ ರೈಲು ಎಲ್ಲಿಗೆ ಹೋಗಬೇಕು? ಮದುವೆಗೆ ಇಷ್ಟು ಆತುರ ಏಕೆ ಎಂದೂ ಕೇಳು. ಮೆತ್ತಗೆ ಕೇಳು.

ನಾನು ನೋಡಿದ್ದು ನಗೆಯ ಚಿತ್ರ. ಹುಡುಗಿಯ ಅಪ್ಪನಿಗೆ ಹೆದರಿ ನಾಯಕ ರಾಗಿ ತುಂಬಿಡುವ ದೊಡ್ಡ ವಾಡೆಯೊಳಗೆ ಬಚ್ಚಿಟ್ಟುಕೊಳ್ಳುತ್ತಾನೆ. ಅಪ್ಪ ಅದೇ ವಾಡೆಯ ಮುಚ್ಚಳದ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾನೆ. ಒಳಗಿನಿಂದ ಸೀನು. ಹಲ್ಲಿ ಸೀನಿತು ಎಂದು ಅಪ್ಪ ಗಾಬರಿಯಾಗುತ್ತಾನೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಸ್ವಲ್ಪ ಹೊತ್ತು ಹೊರಗೆ ಹೋಗಿದ್ದೆ. ಬರುವಷ್ಟರಲ್ಲಿ ಮದುವೆಯೇ ಆಗಿಹೋಗಿತ್ತು. ನಾನು ಕೂತದ್ದು ಹೆಂಗಸರ ಕಡೆಯ ತಟ್ಟಿಯ ಪಕ್ಕ. ಟೆಂಟಿನ ಕಂಬ ಅಡ್ಡ ಬಂದು ನಾಯಕಿಯ ಅರ್ಧ ಮುಖ ಮಾತ್ರ ಕಾಣುತ್ತಿತ್ತು.

ನಗುವ ಚಿತ್ರ ಒಳ್ಳೆಯದು. ಮನಸ್ಸು ಒಂದಷ್ಟು ಹೊತ್ತು ಬೇರೆ ಕಡೆ ಇರುತ್ತದೆ.

ನಿನ್ನ ಮಾವ
ಲಕ್ಕಣ್ಣ


ಕೊಡಿಗೇಹಳ್ಳಿ
16-11-1958

ಮಾವನವರಿಗೆ,

ಮೆತ್ತಗೇ ಕೇಳಿದೆ. ಅಮ್ಮ ಒನಕೆ ನಿಲ್ಲಿಸಿ, "ಆತುರವಾ? ನೀನು ತೊಟ್ಟಿಲಲ್ಲಿದ್ದಾಗ ಗೊತ್ತುಮಾಡಿದ್ದು, ಅದಿನೇಳು ವರ್ಸ ಆಯ್ತು" ಎಂದಳು. ಅಪ್ಪ ಜೋಯಿಸರ ಹತ್ತಿರ ದಿನ ಕೇಳಲು ಯಲಹಂಕಕ್ಕೆ ಹೋಗುತ್ತಾರೆ. ಚಪ್ಪರಕ್ಕೆ ಯಾವ ಮರದ ಗಳ ಕಡಿಯಬೇಕು ಎಂದು ತೋಪಿನಲ್ಲಿ ಗುರುತು ಹಾಕಿದ್ದಾರೆ.

ನೀವು ನೋಡಿದ ವಾಡೆಯ ಚಿತ್ರ ನಮ್ಮ ಟೆಂಟಿಗೂ ಬಂತು. ನಾನೂ ನಕ್ಕೆ. ಆದರೆ ಅರ್ಧದಲ್ಲಿ ನಗು ನಿಂತಿತು. ಅಪ್ಪ ಎಷ್ಟು ಹೊತ್ತು ಕೂತೇ ಇರುತ್ತಾನೆ, ಒಳಗಿನವನಿಗೆ ಉಸಿರು ಕಟ್ಟುವುದಿಲ್ಲವೇ? ಅವನು ಎದ್ದು ನಿಂತು ನಾನು ಇಲ್ಲಿದ್ದೇನೆ ಎಂದಿದ್ದರೆ ಎರಡು ಏಟು ಬೀಳುತ್ತಿತ್ತು, ಅಷ್ಟೆ. ಬಚ್ಚಿಟ್ಟುಕೊಂಡದ್ದರಿಂದ ಎಂಟು ಜನಕ್ಕೆ ತೊಂದರೆಯಾಯಿತು. ನಗೆಯ ಚಿತ್ರದಲ್ಲೂ ಹೆದರುಪುಕ್ಕಲರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನೇ ಹೆದರುಪುಕ್ಕಲಿ ಎಂಬ ಕಾರಣಕ್ಕೆ ಇರಬಹುದು.

ನೀವು ಹೊರಗೆ ಏಕೆ ಹೋದಿರಿ? ಬೀಡಿಯ ಅಭ್ಯಾಸವಂತೂ ಇಲ್ಲ. ಕಂಬ ಅಡ್ಡ ಬರುವಲ್ಲಿ ಕೂರದೆ ಮುಂದೆ ಮರಳಿನಲ್ಲಿ ಕೂತರೆ ಪೂರ್ತಿ ಕಾಣುತ್ತದೆ.

ಉತ್ತರ ಕಾಯುವ
ಕೃಷ್ಣಮ್ಮ


ಅರಸೀಕೆರೆ
30-11-1958

ಕೃಷ್ಣಮ್ಮನಿಗೆ,

ಕ್ಯಾಬಿನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಈ ವರ್ಷ ಮದುವೆ ಬೇಡ ಎಂದು ಅಕ್ಕನಿಗೆ ಹೇಳು. ಏಕೆ ಎಂದು ಕೇಳಿದರೆ ಕ್ವಾರ್ಟರ್ಸ್ ಸಿಕ್ಕಿಲ್ಲ ಎನ್ನು.

ಮೊನ್ನೆ ಪತ್ತೇದಾರಿ ಚಿತ್ರ ನೋಡಿದೆ. ಎಸ್ಟೇಟಿನ ಸಾಹುಕಾರನ ಕೊಲೆ. ಕತ್ತಲಲ್ಲಿ ಮೋಟಾರು ಬರುತ್ತದೆ, ಬೂಟಿನ ಸದ್ದು, ಗುಂಡು. ಗುಂಡು ಹಾರಿದ ಮೇಲೆ ನಾನು ಹೊರಗೆ ಹೋಗಬೇಕಾಯಿತು. ಆಗ ನಡೆದದ್ದು ಇದು: ಸಾಹುಕಾರನ ತಂಗಿ ಒಳಗಿನಿಂದ ಬರುತ್ತಾಳೆ. ಅಗಲ ಅಂಚಿನ ಸೀರೆ, ಬುಗ್ಗೆ ತೋಳಿನ ರವಿಕೆ, ಅಣ್ಣ ಸತ್ತು ಗಂಟೆಯಾಗಿಲ್ಲ, ತಲೆಯಲ್ಲಿ ಹೂವು ಹಾಗೇ ಇದೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದಾಳೆ. ಪತ್ತೇದಾರ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾನೆ. ನೋಡುವವರಿಗೆ ಕೊಲೆಗಿಂತ ಹಾಲು ಉಕ್ಕುವ ಚಿಂತೆ. ಅವಳಿಗೆ ಮಾತ್ರ ಇಲ್ಲ. ಅಲ್ಲಿಗೇ ತಿಳಿದುಹೋಗುತ್ತದೆ, ಕೊಂದವಳು ಅವಳೇ, ಆ ಮನೆಯಲ್ಲಿ ನಾಳೆ ಇರುವವಳಲ್ಲ, ಹಾಲು ಚೆಲ್ಲಿದರೆ ಅವಳಿಗೇನು?

ಪತ್ತೇದಾರಿ ಚಿತ್ರ ನನಗೆ ಒಗ್ಗುವುದಿಲ್ಲ. ಸಿಕ್ಕಿಬೀಳುವವರ ಮುಖ ನೋಡಲು ಆಗುವುದಿಲ್ಲ.

ರೈಲಿನ ಹೊತ್ತಾಯಿತು.
ಲಕ್ಕಣ್ಣ


ಕೊಡಿಗೇಹಳ್ಳಿ
14-12-1958

ಮಾವ,

ದಿನ ಗೊತ್ತಾಯಿತು. ಫೆಬ್ರವರಿ 22, ಭಾನುವಾರ. ಕ್ವಾರ್ಟರ್ಸ್ ಮಾತಿಗೆ ಅಮ್ಮ ನಕ್ಕುಬಿಟ್ಟಳು.

ಇನ್ನು ಮುಂದೆ ನೀನು ಎಂದೇ ಬರೆಯುತ್ತೇನೆ. ಚಿಕ್ಕಂದಿನಲ್ಲಿ ಹಾಗೇ ಕರೆಯುತ್ತಿದ್ದೆ. ನೀವು ಎಂದು ಬರೆದರೆ ಇದನ್ನು ಕೇಳಲು ಬಾಯಿ ಬರುವುದಿಲ್ಲ.

ನಿನ್ನೆ ಆ ಕೊಲೆಯ ಚಿತ್ರ ಹೆಬ್ಬಾಳಕ್ಕೆ ಬಂದಿತ್ತು. ಶಹರ್ಬಾನು, ಅವಳ ಗಂಡ, ಎಳೆಮಗು, ನಾನು ಹೋದೆವು. ನಮ್ಮ ಟೆಂಟಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಎದೆಮಟ್ಟದ ಬಿದಿರು ತಟ್ಟಿ ಇದೆ. ನಿಮ್ಮಲ್ಲೂ ಇದೆ ಎಂದು ನೀನೇ ಬರೆದಿದ್ದೆ. ತಟ್ಟಿಯ ಪಕ್ಕದ ಜಾಗ ಯಾರಿಗೂ ಬೇಡ, ಕಂಬ ಅಡ್ಡ ಬರುತ್ತದೆ. ಅಲ್ಲಿ ಕೂರುವವರು ಎಳೆಮಕ್ಕಳ ತಂದೆಯರು ಮಾತ್ರ. ಮಗು ಅತ್ತರೆ ತಾಯಿ ತಟ್ಟಿಯ ಮೇಲಿಂದ ದಾಟಿಸುತ್ತಾಳೆ, ಗಂಡ ಎತ್ತಿಕೊಂಡು ಹೊರಗೆ ಹೋಗುತ್ತಾನೆ. ಗುಂಡು ಹಾರಿದ ಕೂಡಲೇ ಶಹರ್ಬಾನುವಿನ ಮಗು ಕಿಟಾರನೆ ಕಿರುಚಿತು. ಅವಳು ದಾಟಿಸಿದಳು, ಅವನು ಹೋದ.

ವಾಪಸು ಬರುವಾಗ ಜಟಕಾ ಹೊಡೆಯುತ್ತ ಅವನು ಕೇಳಿದ, ಖೂನಿ ಮಾಡಿದ್ದು ಯಾರು ಎಂದು. ಶಹರ್ಬಾನು, "ಖೂನಿ ಇರ್ಲಿ ರೀ, ಮೊದ್ಲು ಆಕೀ ಸೀರೆ ಕೇಳಿ" ಎಂದಳು. ಅಗಲ ಅಂಚು ಹೇಳಿದಳು, ಬುಗ್ಗೆ ತೋಳು ಹೇಳಿದಳು, ತಲೆಯ ಹೂವು ಹೇಳಿದಳು. ಹಾಲು ಉಕ್ಕಿದ್ದನ್ನು ಕೈ ತಿರುಗಿಸಿ ಹೇಳಿದಳು. ನಾನು ನಗುತ್ತಿದ್ದೆ. ಕೊಡಿಗೇಹಳ್ಳಿಯ ತಿರುವು ಬರುವಷ್ಟರಲ್ಲಿ ನಗು ಹೋಯಿತು. ಇದನ್ನೇ ನಾನು ನಿನ್ನ ಕಾಗದದಲ್ಲಿ ಓದಿದ್ದೆ. ಮೋಟಾರು, ಬೂಟು, ಗುಂಡು ನಿನ್ನ ಮಾತು. ಸೀರೆ, ಹೂವು, ಹಾಲು ನಿನ್ನ ಮಾತಲ್ಲ.

ನಿನಗೆ ಆ ಕಥೆ ಹೇಳಿದವಳು ಯಾರು? ನೀನು ಹೊರಗೆ ಎತ್ತಿಕೊಂಡು ಹೋದ ಮಗು ಯಾರದು?

ಯಾರಿಗೂ ಹೇಳಿಲ್ಲ. ಫೆಬ್ರವರಿ 22ಕ್ಕೆ ನಾನು ತಾಳಿಗೆ ಕತ್ತು ಕೊಡಬೇಕು. ಅದಕ್ಕೆ ಮೊದಲು ನನಗೆ ತಿಳಿಯಬೇಕು.

ಕೃಷ್ಣಮ್ಮ


ಅರಸೀಕೆರೆ
28-12-1958

ಕೃಷ್ಣಮ್ಮ,

ಇದನ್ನು ಓದಿ ಹೇಳಬೇಡ. ನೀನೊಬ್ಬಳೇ ಓದು.

ಮಗು ನನ್ನದು. ಗಂಡು, ಹನ್ನೊಂದು ತಿಂಗಳು. ತಾಯಿ ನಾಗಮಣಿ, ಸ್ಟೇಷನ್ನಿನಲ್ಲಿ ಪ್ರಯಾಣಿಕರಿಗೆ ನೀರು ಕೊಡುವವನ ಮಗಳು. ಏಳನೇ ಕ್ಲಾಸು ಓದಿದ್ದಾಳೆ. ನಮ್ಮ ಜನ ಅಲ್ಲ. ಎರಡು ವರ್ಷದ ಕೆಳಗೆ ಇಲ್ಲಿಯ ದೇವಸ್ಥಾನದಲ್ಲಿ ಮದುವೆಯಾದೆ. ಅವಳ ತಂದೆ ಮತ್ತು ನನ್ನ ಜೊತೆಯ ಇಬ್ಬರು ಇದ್ದರು, ಅಷ್ಟೇ ಜನ.

ಏಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನಮ್ಮ ತಾಯಿ ಸತ್ತಾಗ ನನಗೆ ಮೂರು ವರ್ಷ. ಅಕ್ಕ ಗಂಡನ ಮನೆಗೆ ಬರುವಾಗ ಮದುವಣಗಿತ್ತಿಯ ಸೀರೆಯಲ್ಲೇ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಜನ ನಕ್ಕರಂತೆ, ಮಗುವಿನ ಸಮೇತ ಸೊಸೆ ಬಂದಳು ಎಂದು. ಅಂಥವಳಿಗೆ ನಿನ್ನ ಮಗಳು ಬೇಡ ಎಂದು ಹೇಗೆ ಹೇಳಲಿ? ಒಂದೊಂದು ಹಬ್ಬಕ್ಕೂ ಮುಂದಿನ ಹಬ್ಬಕ್ಕೆ ಹೇಳೋಣ ಎಂದುಕೊಂಡೆ.

ಒಂದು ದಾರಿ ಇದೆ. ನೀನೇ ಬೇಡ ಅನ್ನು. ಮಾವನನ್ನು ಕಂಡರೆ ಮನಸ್ಸಿಲ್ಲ ಅನ್ನು. ನೀನು ಮಗಳು, ನಿನ್ನ ಮೇಲಿನ ಸಿಟ್ಟು ನಾಲ್ಕು ದಿನ ಇದ್ದು ಹೋಗುತ್ತದೆ. ನನ್ನ ಮೇಲಿನದು ಹೋಗುವುದಿಲ್ಲ.

ಬೈದುಕೊ. ಆದರೆ ಮಾಡು.
ಲಕ್ಕಣ್ಣ


ಕೊಡಿಗೇಹಳ್ಳಿ
9-1-1959

ಮಾವ,

ನಿನ್ನ ಕಾಗದವನ್ನು ರಾಗಿ ವಾಡೆಯ ಹಿಂದೆ ನಿಂತು ಓದಿದೆ. ಅಮ್ಮನಿಗೆ, ಕೆಲಸ ಜಾಸ್ತಿಯಂತೆ, ಚೆನ್ನಾಗಿದ್ದಾನಂತೆ ಎಂದು ಮಾತ್ರ ಹೇಳಿದೆ. ನಾನು ಹೇಳಿದ ಮೊದಲ ಸುಳ್ಳು ಅದು. ನಿನಗಾಗಿ ಹೇಳಿದ್ದು.

ನಾಲ್ಕು ದಿನದ ಸಿಟ್ಟು ಎಂದು ಬರೆದಿದ್ದೀಯ. ನಮ್ಮೂರು ನಿನಗೆ ಮರೆತಿದೆ. ಸೋದರಮಾವನನ್ನು ಹುಡುಗಿ ಬೇಡ ಎಂದರೆ, ಮಾವ ಎಂಥವನು ಎಂದು ಯಾರೂ ಕೇಳುವುದಿಲ್ಲ. ಹುಡುಗಿಗೆ ಯಾರೋ ಇದ್ದಾನೆ ಎನ್ನುತ್ತಾರೆ. ಟೆಂಟಿಗೆ ಹೋಗುತ್ತಿದ್ದಳಲ್ಲ ಎನ್ನುತ್ತಾರೆ. ಶಹರ್ಬಾನು ಮನೆಗೂ ಕಲ್ಲು ಬೀಳುತ್ತದೆ. ಆಮೇಲೆ ನನ್ನನ್ನು ಯಾರು ಕೇಳಿಕೊಂಡು ಬರುತ್ತಾರೆ?

ನಾನೇ ನಿನ್ನ ಗುಟ್ಟು ಹೇಳಿಬಿಡೋಣ ಎಂದರೆ ಅದಕ್ಕೂ ಹೆದರಿಕೆ. ಹಕ್ಕು ನಮ್ಮದು, ಆಕೆಯನ್ನು ಬಿಡಿಸಿ ಅವನನ್ನು ಕರೆತರುತ್ತೇವೆ ಎಂದು ನಾಲ್ಕು ಜನ ಹಿರಿಯರು ಹೊರಟರೆ? ಇಬ್ಬರನ್ನೂ ಇಟ್ಟುಕೊಳ್ಳಲಿ ಎಂದರೆ? ಅಂಥ ಮನೆ ನಮ್ಮ ಬೀದಿಯಲ್ಲೇ ಒಂದಿದೆ. ಅಲ್ಲಿಂದ ಕೇಳಿಬರುವ ಜಗಳ ನಿನಗೂ ಗೊತ್ತು. ನಿನ್ನ ಹೆಂಡತಿಯ ಹೊಟ್ಟೆ ಉರಿಸಿ ನಾನು ಒಲೆ ಹಚ್ಚಲಾರೆ. ಆ ಮಾತು ಏಳುವ ಮೊದಲು ನೀನು ಬಂದು ಅಮ್ಮನ ಎದುರಿಗೆ ನಿಲ್ಲಬೇಕು. ನಿನ್ನ ಬಾಯಿಂದಲೇ ಕೇಳಿದರೆ ಅವಳು ನಿನ್ನ ಕಡೆ ನಿಲ್ಲಬಹುದು. ಬೇರೆಯವರಿಂದ ಕೇಳಿದರೆ ನಿಲ್ಲುವುದಿಲ್ಲ.

ಹೋದ ವಾರ ನೋಡಿದ ಸಂಸಾರದ ಚಿತ್ರದಲ್ಲಿ ಅಕ್ಕ ತನ್ನ ಗಂಡನನ್ನು ತಂಗಿಗೆ ಬಿಟ್ಟುಕೊಟ್ಟು ನದಿಯ ಕಡೆ ನಡೆದುಹೋದಳು. ಜನ ಚಪ್ಪಾಳೆ ಹೊಡೆದರು. ನಾನು ಕೈ ಕಟ್ಟಿಕೊಂಡು ಕೂತೆ. ತಪ್ಪು ಮಾಡಿದವನು ಒಬ್ಬ, ನದಿಗೆ ಹೋಗುವವಳು ಇನ್ನೊಬ್ಬಳು. ಇಂಥ ಕಥೆ ಬರೆಯುವವರು ಒಂದು ಸಲ ಹೆಂಗಸರ ಕಡೆ ಬಂದು ಕೂತು ನೋಡಬೇಕು.

ಸಂಕ್ರಾಂತಿಗೆ ಬಾ. ಅವರಿಬ್ಬರನ್ನೂ ಕರೆದುಕೊಂಡು ಬಾ.
ಕೃಷ್ಣಮ್ಮ


ಕೊಡಿಗೇಹಳ್ಳಿ
25-1-1959

ತಮ್ಮ ಲಕ್ಕಣ್ಣನಿಗೆ ಅಕ್ಕ ಮುನಿವೆಂಕಟಮ್ಮ ಹೇಳಿ ಬರೆಸುವುದು. ಸಂಕ್ರಾಂತಿಗೆ ನಿನಗಾಗಿ ಎಳ್ಳು ಬೆಲ್ಲ ಎತ್ತಿಟ್ಟಿದ್ದೆ, ಇರುವೆ ಹತ್ತಿತು. ಅಮಾವಾಸ್ಯೆಯ ಮಾರನೆಯ ದಿನ, ಎಂಟನೇ ತಾರೀಖು, ಅಡಿಕೆ ಎಲೆ ಕೊಟ್ಟು ಊರು ಕರೆಯಲು ಹೊರಡುತ್ತೇವೆ. ನಿನಗೆ ರೇಷ್ಮೆ ಪಂಚೆ ತಂದಿದೆ. ನಿನ್ನ ಅಳತೆ ಕೃಷ್ಣಮ್ಮನ ಅಪ್ಪನ ಅಳತೆಯೇ ಎಂದುಕೊಂಡಿದ್ದೇನೆ.

ಮಾವ, ಇದರ ಕೆಳಗಿನದು ನಾನು. ಅಮ್ಮ ಪಕ್ಕದಲ್ಲೇ ಇದ್ದಾಳೆ, ನಾನು ಇನ್ನೂ ಪಂಚೆಯ ವಿಷಯವನ್ನೇ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾಳೆ. ಊರು ಕರೆದ ಮೇಲೆ ಮದುವೆ ನಿಂತರೆ ಅಪ್ಪ ತಲೆ ಎತ್ತುವುದಿಲ್ಲ. ಎಂಟನೇ ತಾರೀಖಿನ ಒಳಗೆ ಬಾ. ಸಿನಿಮಾಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ಮದುವೆಯ ಹುಡುಗಿ ಹೊಸ್ತಿಲು ದಾಟಬಾರದಂತೆ.

ಕೃಷ್ಣಮ್ಮ


ಅರಸೀಕೆರೆ
2-2-1959

ಅಕ್ಕನ ಪಾದಕ್ಕೆ ಲಕ್ಕಣ್ಣ ಬರೆಯುವುದು.

ಎರಡು ತಿಂಗಳಿಂದ ಕೆಮ್ಮು. ರೈಲ್ವೆ ಡಾಕ್ಟರು ಎದೆ ನೋಡಿ, ಇದು ಕೆಟ್ಟ ಕಾಯಿಲೆ, ಮದುವೆ ಕೂಡದು ಎಂದಿದ್ದಾರೆ. ಕೃಷ್ಣಮ್ಮನಿಗೆ ಬೇರೆ ಗಂಡು ನೋಡು. ನನ್ನ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಯಾರೂ ನನ್ನನ್ನು ನೋಡಲು ಬರಬೇಡಿ, ಅಂಟುವ ಕಾಯಿಲೆ.

ಕೃಷ್ಣಮ್ಮ, ಇದನ್ನು ಹೀಗೇ ಓದು. ಯಾರ ಮೇಲೂ ತಪ್ಪು ಬರುವುದಿಲ್ಲ.


ಯಶವಂತಪುರ ಸ್ಟೇಷನ್
6-2-1959

ನಾಗಮಣಿಯವರಿಗೆ,

ಈ ಕಾಗದ ತಂದುಕೊಟ್ಟವಳು ನನ್ನ ಅಮ್ಮ ಮುನಿವೆಂಕಟಮ್ಮ, ನಿಮ್ಮ ಗಂಡನ ಅಕ್ಕ. ಅವಳಿಗೆ ಓದಲು ಬರುವುದಿಲ್ಲ, ಹೆದರದೆ ಅವಳ ಎದುರಿಗೇ ಓದಿಕೊಳ್ಳಿ. ನಾನು ಕೃಷ್ಣಮ್ಮ. ರೈಲು ಬರಲು ಇನ್ನೂ ಹೊತ್ತಿದೆ ಎಂದು ಅಪ್ಪ ಟೀ ಅಂಗಡಿಗೆ ಹೋಗಿದ್ದಾರೆ. ಅಲ್ಲಿಗೆ ಹೋದದ್ದು ಟೀಗಾಗಿ ಅಲ್ಲ.

ನಿನ್ನೆ ಮಾವನ ಕಾಗದ ಬಂತು, ಎದೆಯ ಕಾಯಿಲೆ ಎಂದು. ಸುಳ್ಳೆಂದು ಗೊತ್ತಿದ್ದೂ ಓದಿದೆ. ಇಷ್ಟರಲ್ಲಿ ಎಲ್ಲ ಮುಗಿಯಲಿ ಎನಿಸಿತ್ತು. ಅಮ್ಮ ಅಳಲಿಲ್ಲ. ಎದ್ದು ರಾಗಿ ಹಿಟ್ಟು ಕಟ್ಟಿದಳು, ಹಿಪ್ಪಲಿ ಕುಟ್ಟಿದಳು, ಕಂಬಳಿ ಮಡಚಿದಳು. ಅಂಟುತ್ತದಂತೆ ಎಂದು ಅಪ್ಪ ಹೇಳಿದ್ದಕ್ಕೆ, "ಅಂಟ್ಲಿ. ಅವ್ನಿಗೆ ಗಂಜಿ ಕಾಯ್ಸೋರ್ ಯಾರವ್ರೆ?" ಎಂದಳು. ತಮ್ಮನಿಗೆ ಕಾಯಿಲೆ ಎಂದರೆ ಅಕ್ಕ ಓಡಿ ಬರುತ್ತಾಳೆ ಎಂಬುದು ಮಾವನಿಗೆ ಹೊಳೆಯಲಿಲ್ಲ. ಕಾಯಿಲೆಯ ಸುಳ್ಳನ್ನು ಸಿನಿಮಾದಲ್ಲಿ ನೋಡಿ ಕಲಿತಿರಬೇಕು. ಸಿನಿಮಾದಲ್ಲಿ ಗಂಜಿ ಕಾಯಿಸಲು ಯಾರೂ ಹೊರಡುವುದಿಲ್ಲ.

ಹೀಗೇ ಬಿಟ್ಟರೆ ಅವಳು ಹಿಪ್ಪಲಿಯ ಗಂಟು ಹಿಡಿದುಕೊಂಡು ನಿಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಂದೇ ಸಲ ನೋಡುತ್ತಿದ್ದಳು. ಅದಕ್ಕೆ ಹಟ ಮಾಡಿ ಸ್ಟೇಷನ್ನಿನವರೆಗೂ ಜೊತೆಗೆ ಬಂದೆ. ಇಲ್ಲಿ ಕಲ್ಲು ಬೆಂಚಿನ ಮೇಲೆ ಕೂರಿಸಿ, ಮಾವನ ಡಿಸೆಂಬರಿನ ಕಾಗದ ಓದಿದೆ. ನಿಮ್ಮ ಹೆಸರನ್ನೂ ಓದಿದೆ. ಒಂದು ಅಕ್ಷರವನ್ನೂ ಬಿಡಲಿಲ್ಲ. ಸೊಂಟದ ಮೇಲೆ ಕೂರಿಸಿಕೊಂಡು ಬಂದದ್ದನ್ನು ಓದುವಾಗ ಅಪ್ಪ ಎದ್ದುಹೋದರು.

ಅಮ್ಮ, "ಇನ್ನೊಂದ್ ಸಲ ಓದು" ಎಂದಳು. ಓದಿದೆ. ಹಳಿಯ ಕಡೆ ನೋಡುತ್ತ ಕೂತಳು. ಎದ್ದು ಮನೆಯ ಕಡೆ ತಿರುಗುತ್ತಾಳೆ, ಊರ ಹಿರಿಯರನ್ನು ಸೇರಿಸುತ್ತಾಳೆ ಎಂದು ನಾನು ಅವಳ ಸೆರಗಿನ ತುದಿ ಹಿಡಿದುಕೊಂಡಿದ್ದೆ. ನನ್ನ ಮದುವೆಯ ಮಾತು ಅವಳ ಬಾಯಿಂದ ಬರಲೇ ಇಲ್ಲ. ನನ್ನ ತಲೆಯ ಮೇಲೆ ಒಂದು ಸಲ ಕೈ ಇಟ್ಟಳು, ಗಟ್ಟಿಯಾಗಿ, ಹೊಡೆದ ಹಾಗೆ. ಆಮೇಲೆ ಕೇಳಿದಳು:

"ಎಸ್ರು ಇಟ್ಟೋರ್ ಯಾರು?"

"ಯಾರ ಹೆಸರು?" ಎಂದೆ.

"ಆ ಮಗೀಗೆ ಸೋದರತ್ತೆ ನಾನು. ನಾನಿಲ್ಲಿ ಬದುಕಿವ್ನಿ. ನನ್ನ ಬಿಟ್ಟು ತೊಟ್ಲಾಗೆ ಅದ್ರ ಕಿವೀಲಿ ಎಸ್ರು ಏಳ್ದೋರ್ ಯಾರು? ಕಾಗ್ದದಾಗೆ ಬರ್ದವ್ನಾ?"

ಕಾಗದದಲ್ಲಿ ಮಗುವಿನ ಹೆಸರು ಇರಲಿಲ್ಲ. ಎರಡು ವರ್ಷದ ಮದುವೆ, ಬೇರೆ ಜನ, ಇಷ್ಟು ಸುಳ್ಳು, ಇವೆಲ್ಲವನ್ನೂ ಅವಳು ಇನ್ನೂ ಮುಟ್ಟಿಲ್ಲ. ಅವು ರೈಲಿನಲ್ಲಿ ನೆನಪಾಗುತ್ತವೆ, ತಿಪಟೂರು ದಾಟುವಷ್ಟರಲ್ಲಿ ಸಿಟ್ಟು ಬಲಿತಿರುತ್ತದೆ. ಬೈದರೆ ಬೈಸಿಕೊಳ್ಳಿ, ಬಾಗಿಲು ಮಾತ್ರ ಹಾಕಬೇಡಿ. ಆದರೆ ಅವಳ ಹೊಟ್ಟೆಯಲ್ಲಿ ಮೊದಲು ಉರಿದದ್ದು ಆ ಹೆಸರು. ನಾನು ಅಲ್ಲೇ, "ಇನ್ನೂ ಇಟ್ಟಿಲ್ಲವಂತೆ ಅಮ್ಮ" ಎಂದುಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯದು. ಗಂಟು ಎತ್ತಿಕೊಂಡು ಪ್ಲಾಟ್‌ಫಾರಮ್ಮಿನ ಅಂಚಿಗೆ ಹೋಗಿ ನಿಂತಿದ್ದಾಳೆ. ಅಪ್ಪ ಟೀ ಅಂಗಡಿಯಿಂದ ಬಂದು ಅವಳ ಹಿಂದೆ ನಿಂತಿದ್ದಾರೆ. ಟಿಕೆಟ್ಟು ವಾಪಸು ಕೊಡುವ ಮಾತು ಇಬ್ಬರೂ ಆಡಲಿಲ್ಲ.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಆ ಕೊಲೆಯ ಚಿತ್ರವನ್ನು ನೀವು ಹೇಳಿದ ಬಗೆ ನೋಡಿದ್ದಕ್ಕಿಂತ ಚೆನ್ನಾಗಿತ್ತು. ನಿಮಗೆ ಹನ್ನೆರಡು ತಿಂಗಳಿಂದ ಬಾಯಿಗೆ ರೂಢಿಯಾದ ಹೆಸರೊಂದು ಇರುತ್ತದೆ, ನನಗೆ ಗೊತ್ತು. ಇವತ್ತು ಅದನ್ನು ನುಂಗಿಕೊಳ್ಳಿ. ನಿಮ್ಮ ತಂದೆಗೂ ಹೇಳಿಡಿ. ಮಾವನಿಗೆ ಹೇಳಿಕೊಡಬೇಕಾಗಿಲ್ಲ, ಸುಳ್ಳು ಅವನಿಗೆ ಬರುತ್ತದೆ. ಅವಳು ಕೇಳಿದರೆ, ಇಟ್ಟಿಲ್ಲ, ನಿಮಗಾಗಿ ಕಾದಿದ್ದೆವು ಎನ್ನಿ. ಅವಳು ಯಾವ ಹೆಸರನ್ನು ಹೇಳಿದರೂ ಅದೇ ಇರಲಿ.

ಸಿಗ್ನಲ್ ಕೈ ಇಳಿದಿದೆ, ರೈಲು ಕಾಣಿಸುತ್ತಿದೆ. ಮಗುವನ್ನು ಮೊದಲು ಅವಳ ತೊಡೆಯ ಮೇಲೆ ಮಲಗಿಸಿ, ಆಮೇಲೆ ಮಾತು ಆಡಿ.

ಕೃಷ್ಣಮ್ಮ